ಚಪ್ಪಲಿ ಇಲ್ಲದ ಬಾಗಿಲು

ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಒಳಗಿನ ಪ್ರಿಂಟರ್ ಕೋಣೆಯಲ್ಲಿ ನಿಂತಿದ್ದ ತೃಷಾಳಿಗೆ ಮೊದಲು ಗೊತ್ತಾದದ್ದು ಎಸಿ ನಿಂತದ್ದು. ಅದು ನಿಂತ ಮೇಲೆಯೇ, ಇಷ್ಟು ಹೊತ್ತೂ ಅದು ಸದ್ದು ಮಾಡುತ್ತಿತ್ತು ಎಂಬುದು ಅರಿವಿಗೆ ಬಂತು. ಆಮೇಲೆ ದೀಪ ಹೋಯಿತು. ಪ್ರಿಂಟರ್ ಒಂದು ಹಾಳೆಯನ್ನು ಅರ್ಧ ಹೊರಗೆ ಚಾಚಿ ಹಾಗೆಯೇ ಉಳಿಯಿತು. ಕರೆಂಟು ಹೋಗಿರಬೇಕು ಎಂದುಕೊಂಡು ಅವಳು ಹಾಳೆಯ ತುದಿ ಹಿಡಿದು ಕಾದಳು. ಮೂಡುಬಿದಿರೆ ಹತ್ತಿರದ ಈ ಮಿಜಾರಿನಲ್ಲಿ ಕರೆಂಟು ಹೋಗುವುದು ಹೊಸತಲ್ಲ. ಜನರೇಟರ್ ಗುರುಗುಟ್ಟಿ ಎದ್ದರೆ ಎಲ್ಲ ಮೊದಲಿನಂತೆ. ಆದರೆ ಜನರೇಟರ್ ಏಳಲಿಲ್ಲ. ಲ್ಯಾಬಿನ ಬಾಗಿಲನ್ನು ಹೊರಗಿನಿಂದ ಎಳೆದ ಸದ್ದು ಕೇಳಿತು. ಚಿಲಕದ ಸದ್ದು. ಬೀಗದ ಸದ್ದು.

ಆ ಲ್ಯಾಬಿಗೆ ಒಂದು ಪದ್ಧತಿ ಇತ್ತು. ಧೂಳು ಬರಬಾರದೆಂದು ಎಲ್ಲರೂ ಚಪ್ಪಲಿಯನ್ನು ಬಾಗಿಲ ಬದಿಯ ಕಬ್ಬಿಣದ ಸ್ಟ್ಯಾಂಡಿನಲ್ಲಿ ಬಿಟ್ಟು ಬರಬೇಕು. ಮುಚ್ಚುವ ಹೊತ್ತಿಗೆ ಅಟೆಂಡರ್ ಮುಂಡಪ್ಪ ಒಳಗೆ ಬಂದು ಸಾಲು ಸಾಲು ನೋಡುವವನಲ್ಲ, ಸ್ಟ್ಯಾಂಡ್ ನೋಡುವವನು. ಚಪ್ಪಲಿ ಕಂಡರೆ ‘ಯಾರಪ್ಪಾ ಅದು, ಮನೆಮಠ ಇಲ್ವಾ ನಿಮಗೆ?’ ಎಂದು ಕೂಗುತ್ತಾನೆ. ಕಾಣದಿದ್ದರೆ ಹೊರಗಿನ ಪೆಟ್ಟಿಗೆಯಲ್ಲಿ ಮೇನ್ ಸ್ವಿಚ್‌ಗಳನ್ನು ಒಂದೊಂದಾಗಿ ಇಳಿಸಿ ಬೀಗ ಹಾಕುತ್ತಾನೆ. ವರ್ಷಗಟ್ಟಲೆ ಇದು ತಪ್ಪಿದ್ದಿಲ್ಲ. ಒಳಗಿರುವವರ ಚಪ್ಪಲಿ ಹೊರಗಿರಲೇಬೇಕಲ್ಲ.

ತೃಷಾಳ ಚಪ್ಪಲಿ ಒಂದು ಬಟ್ಟೆಯ ಚೀಲದೊಳಗೆ, ಕೊನೆಯ ಸಾಲಿನ ಕಂಪ್ಯೂಟರಿನ ಕೆಳಗೆ ಇತ್ತು.

ಅವಳು ಕುರ್ಚಿಗಳಿಗೆ ಡಿಕ್ಕಿ ಹೊಡೆಯುತ್ತ ಬಾಗಿಲಿಗೆ ಓಡಿದಳು. ‘ಮುಂಡಪ್ಪಣ್ಣ’ ಎಂದು ಕರೆಯಲು ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಹೊರಗೆ ಇನ್ನೊಂದು ದನಿ ಕೇಳಿತು.

“ಎಲ್ಲ ಹೋದ್ರಾ ಮುಂಡಪ್ಪಣ್ಣ?”

“ಹೋದ್ರು ಹೋದ್ರು. ನೋಡು, ಒಂದು ಜೊತೆ ಉಂಟಾ ಅಲ್ಲಿ? ಶನಿವಾರ ಮಧ್ಯಾಹ್ನ ಯಾರು ಕೂರ್ತಾರೆ ಮಾರಾಯ. ನನಗೆ ಬಂಟ್ವಾಳದ ಬಸ್ಸು ತಪ್ತದೆ.”

“ನೀವು ಹೋಗಿ, ಹೋಗಿ.”

ಮುಂಡಪ್ಪನ ಶೂಗಳು ಕಿರುಗುಟ್ಟುತ್ತ ಮೆಟ್ಟಿಲು ಇಳಿದವು. ಇನ್ನೊಬ್ಬ ಇಳಿಯಲಿಲ್ಲ. ತೃಷಾಳ ತೆರೆದ ಬಾಯಿ ತೆರೆದೇ ಇತ್ತು. ಆ ದನಿ ಶೋಧನನದು.

ಶೋಧನ್ ಎಂಬಿಎ ಕೊನೆಯ ವರ್ಷದವನು. ಬಂಟ್ವಾಳದ ಹತ್ತಿರ ಅವನ ತಂದೆಗೆ ಹೋಟೆಲು. ರಕ್ತದಾನ ಶಿಬಿರ ಇರಲಿ, ವಾರ್ಷಿಕೋತ್ಸವ ಇರಲಿ, ಮುಂದೆ ನಿಂತು ಓಡಾಡುವವನು. ಲೆಕ್ಚರರುಗಳು ಹೆಸರು ಹಿಡಿದು ಕರೆಯುವ ಹುಡುಗ. ಅವನು ತೃಷಾಳ ಹತ್ತಿರ ಒಂದು ದಿನವೂ ಮಾತಾಡಿರಲಿಲ್ಲ. ಅವಳು ಲ್ಯಾಬಿಗೆ ಬಂದು ಕೂತ ಸ್ವಲ್ಪ ಹೊತ್ತಿಗೆ ಅವನು ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ಕಂಪ್ಯೂಟರ್ ಆನ್ ಕೂಡ ಮಾಡುತ್ತಿರಲಿಲ್ಲ. ಕಪ್ಪು ಪರದೆಯಲ್ಲಿ ಕಾಣುವ ಅವಳ ಪ್ರತಿಬಿಂಬವನ್ನು ನೋಡುತ್ತಿದ್ದ. ಅವಳು ಸಾಲು ಬದಲಿಸಿದರೆ ಅವನೂ ಬದಲಿಸುತ್ತಿದ್ದ, ಬೇರೆ ಹೊತ್ತಿಗೆ ಬಂದರೆ ಆ ಹೊತ್ತಿಗೆ ಬರುತ್ತಿದ್ದ. ಅವಳು ಒಳಗಿದ್ದಾಳೆಂದು ಅವನಿಗೆ ಹೇಗೆ ತಿಳಿಯುತ್ತದೆ ಎಂದು ಬಹಳ ದಿನ ಅವಳಿಗೆ ಹೊಳೆಯಲಿಲ್ಲ. ಒಂದು ದಿನ ಹೊರಗೆ ಬಂದಾಗ ಸ್ಟ್ಯಾಂಡಿನಲ್ಲಿ ಬಿಟ್ಟಿದ್ದ ಅವಳ ಚಪ್ಪಲಿ ನೆಲದ ಮೇಲಿತ್ತು. ಕಾಲು ತೂರಿಸಲು ಸುಲಭವಾಗುವ ಹಾಗೆ ಮೆಟ್ಟಿಲಿನ ಕಡೆಗೆ ಮುಖ ಮಾಡಿ, ಜೋಡಿಸಿ ಇಟ್ಟಿತ್ತು. ಅದರ ಪಕ್ಕದಲ್ಲಿ, ತಾಗಿಯೇ, ಅವನ ಜೋಡು.

“ಅಷ್ಟು ಮರ್ಯಾದಸ್ಥ ನನಗೆ ಸಿಗ್ತಿದ್ರೆ!” ಎಂದು ಹಾಸ್ಟೆಲಿನಲ್ಲಿ ಅವಳ ಕೋಣೆಯ ಜೊತೆಗಾತಿ ಫರ್ಹಾನ ನಕ್ಕಿದ್ದಳು. “ನನ್ನ ಅಣ್ಣ ನನ್ನ ಚಪ್ಪಲಿಯನ್ನು ಕಾಲಲ್ಲಿ ಒದ್ದು ಬದಿಗೆ ಹಾಕ್ತಾನೆ ಗೊತ್ತುಂಟಾ?”

ತೃಷಾ ನಗಲಿಲ್ಲ. ಬೇರೆಯವರ ಚಪ್ಪಲಿಯನ್ನು ಕೈಯಿಂದ ಮುಟ್ಟುವವರು ಯಾರು? ಚಪ್ಪಲಿಯಲ್ಲಿ ಅವಳ ಹೆಬ್ಬೆರಳು ಒತ್ತಿ ಸವೆದ ಕುಳಿಯ ಮೇಲೆ ಅವನ ಬೆರಳು ಇದ್ದಿರಬಹುದು ಎಂಬ ಯೋಚನೆ ಬಂದು, ಆ ದಿನ ಅವಳು ಬರಿಗಾಲಲ್ಲಿ ಹಾಸ್ಟೆಲಿಗೆ ನಡೆದಿದ್ದಳು. ಆದರೆ ಯಾರ ಹತ್ತಿರ ಏನೆಂದು ಹೇಳುವುದು? ಅವನು ಏನು ಮಾಡಿದ ಎಂದು ಯಾರಾದರೂ ಕೇಳುತ್ತಾರೆ. ಅವನು ಏನೂ ಮಾಡಿರಲಿಲ್ಲ.

ಮತ್ತೆ, ಮಾತು ಅವಳ ಊರು ಮುಂಡಾಜೆಗೆ ಮುಟ್ಟಿದರೆ ಓದು ಮುಗಿದಂತೆ. ಅವಳ ದೊಡ್ಡಪ್ಪನ ಮಗಳನ್ನು ಮಂಗಳೂರಿನ ಹಾಸ್ಟೆಲಿನಿಂದ ಹೀಗೆಯೇ ಯಾರದೋ ಒಂದು ಫೋನಿನ ಮೇಲೆ ಕರೆತಂದಿದ್ದರು. ಆಮೇಲೆ ಅವಳು ಪುಸ್ತಕ ಹಿಡಿದದ್ದನ್ನು ಯಾರೂ ನೋಡಲಿಲ್ಲ. ತೃಷಾಳನ್ನು ಎಂಎಸ್ಸಿಗೆ ಸೇರಿಸುವಾಗ ಅಪ್ಪ ಚನಿಯಪ್ಪ ಹೇಳಿದ್ದು ಒಂದೇ ಮಾತು: “ಓದು, ಬೇಡ ಹೇಳುದಿಲ್ಲ. ಒಂದು ಸುದ್ದಿ ಬಂದ್ರೆ ಮಾತ್ರ ಮರುದಿನ ಮನೆಯಲ್ಲಿರ್ಬೇಕು.” ಅವಳ ಪ್ರಾಜೆಕ್ಟಿಗೆ ಬೇಕಾದ ಸಾಫ್ಟ್‌ವೇರ್ ಲ್ಯಾಬಿನ ಕಂಪ್ಯೂಟರುಗಳಲ್ಲಿ ಮಾತ್ರ ಇತ್ತು. ಅವಳಿಗೆ ಸ್ವಂತ ಲ್ಯಾಪ್‌ಟಾಪ್ ಇರಲಿಲ್ಲ. ಲ್ಯಾಬಿಗೆ ಬಾರದೆ ಉಪಾಯವಿಲ್ಲ, ಬಂದದ್ದು ಅವನಿಗೆ ತಿಳಿಯಕೂಡದು. ಹಾಗಾಗಿ ಚಪ್ಪಲಿಯನ್ನು ಚೀಲದಲ್ಲಿ ಹಾಕಿ ಒಳಗೆ ತರತೊಡಗಿದ್ದಳು. ಕೆಲವು ದಿನ ಪಕ್ಕದ ಕುರ್ಚಿ ಖಾಲಿ ಇತ್ತು. ತಾನು ಗೆದ್ದೆ ಎಂದೇ ಅಂದುಕೊಂಡಿದ್ದಳು.

ಬಾಗಿಲ ಹೊರಗೆ ಅವನು ಉಸಿರಾಡುವುದು ಕೇಳುತ್ತಿತ್ತು. ಅಥವಾ ಅದು ಅವಳದೇ ಉಸಿರು.

“ತೃಷಾ.”

ಅವಳು ಅಲುಗಲಿಲ್ಲ.

“ಒಳಗೆ ಇದ್ದೀ ಅಂತ ಗೊತ್ತುಂಟು ನನಗೆ. ನೀನು ಬರುವಾಗ ಕೆಳಗೆ ಕ್ಯಾಂಟೀನಿನಲ್ಲೇ ಇದ್ದೆ. ಮೇಲೆ ಹೋದದ್ದು ನೋಡಿದೆ, ಇಳಿದದ್ದು ನೋಡ್ಲಿಲ್ಲ.” ದನಿ ಮೆತ್ತಗಿತ್ತು, ರೋಗಿಯ ಹತ್ತಿರ ಮಾತಾಡುವವರ ಹಾಗೆ. “ಹೆದರ್ಬೇಡ. ಮುಂಡಪ್ಪಣ್ಣ ಬಸ್‌ಸ್ಟ್ಯಾಂಡಿಗೆ ಮುಟ್ಲಿಕ್ಕಿಲ್ಲ ಇನ್ನೂ. ನಾನು ಓಡಿ ಹೋಗಿ ಕೀ ತರ್ತೇನೆ.”

ತೃಷಾಳ ಕಿವಿ ಬಾಗಿಲ ಹತ್ತಿರವೇ ಇತ್ತು. ಅವನ ಕಾಲು ಕದಲಲಿಲ್ಲ.

“ಒಂದು ಸಲ ‘ಶೋಧನ್’ ಅಂತ ಕರಿ. ಸಾಕು. ಕರೆದ ಕೂಡ್ಲೆ ಹೋಗ್ತೇನೆ.”

ಮೇಜಿನ ಕೆಳಗಿನ ಯುಪಿಎಸ್‌ಗಳು ಒಂದೊಂದಾಗಿ ಕೂಗಲು ತೊಡಗಿದ್ದವು. ಸಣ್ಣ, ಚುಚ್ಚುವ ದನಿ. ಅವಳು ಕುಳಿತಿದ್ದ ಕಂಪ್ಯೂಟರಿನ ಪರದೆ ಮಾತ್ರ ಬೆಳಗುತ್ತಿತ್ತು. ರಬ್ಬರ್ ಬೆಳೆಗಾರರ ಮನೆಮನೆಗೆ ಹೋಗಿ ಅವಳು ಕೇಳಿ ತಂದ ಅಂಕಿಗಳು ಅದರಲ್ಲಿ ಸಾಲುಗಟ್ಟಿ ನಿಂತಿದ್ದವು. ನೋಡುತ್ತಿದ್ದಂತೆ ಆ ಪರದೆಯೂ ಆರಿತು. ಒಂದು ಯುಪಿಎಸ್ ಉದ್ದಕ್ಕೆ ಕೂಗಿ ನಿಂತಿತು, ಆಮೇಲೆ ಇನ್ನೊಂದು. ಎಲ್ಲ ನಿಂತ ಮೇಲೆ ಉಳಿದ ಮೌನದಲ್ಲಿ ತನ್ನ ಗಂಟಲು ಉಗುಳು ನುಂಗಿದ ಸದ್ದು ಹೊರಗೂ ಕೇಳಿರಬಹುದು ಎನ್ನಿಸಿತು.

ಫೋನು ಹಾಸ್ಟೆಲಿನಲ್ಲಿತ್ತು, ಕಾಲೇಜಿಗೆ ತರುವ ಹಾಗಿಲ್ಲ. ಕಿಟಕಿಗಳಿಗೆ ಎಸಿಗಾಗಿ ಗಾಜು ಜಡಿದು, ಗಾಜಿಗೆ ಕಪ್ಪು ಹಾಳೆ ಅಂಟಿಸಿದ್ದರು. ಆ ಹಾಳೆಯ ಹರಿದ ಮೂಲೆಯೊಂದರಿಂದ ಕೆಳಗಿನ ಅಂಗಳ ಕಂಡಿತು. ಶನಿವಾರದ ಬಿಸಿಲು. ಒಂದು ನಾಯಿ. ಕರೆದರೆ ಕೇಳುವವನು ಒಬ್ಬನೇ, ಅವನು ಬಾಗಿಲಲ್ಲಿ ನಿಂತಿದ್ದ. ಅವನ ಹೆಸರು ಕರೆದರೆ ಕೀ ಬರುತ್ತದೆ. ಕೀ ಅವನ ಕೈಯಲ್ಲಿ ಬರುತ್ತದೆ. ಈ ಮಾಳಿಗೆಯಲ್ಲಿ ಬೇರೆ ಯಾರೂ ಇಲ್ಲ. ಕರೆಯದಿದ್ದರೆ ಸೋಮವಾರದವರೆಗೂ ಈ ಬಾಗಿಲು ತೆರೆಯುವುದಿಲ್ಲ.

“ಇಷ್ಟು ಹಠ ಯಾಕೆ?” ಅವನು ಬಾಗಿಲಿಗೆ ಬೆನ್ನು ಕೊಟ್ಟು ಕೂತದ್ದು ಹಲಗೆಯ ಕಿರುಗುಟ್ಟಿನಿಂದ ತಿಳಿಯಿತು. “ಆಯ್ತು. ನನಗೇನೂ ಅರ್ಜೆಂಟ್ ಇಲ್ಲ.”

ಅವಳೂ ಮೆಲ್ಲನೆ ನೆಲಕ್ಕೆ ಕುಸಿದಳು. ಇಬ್ಬರ ನಡುವೆ ಒಂದು ಹಲಗೆ. ಅವನು ಯಾವುದೋ ಹಾಡನ್ನು ಗುನುಗುತ್ತಿದ್ದ. ಅಷ್ಟು ನಿರಾಳವಾಗಿ ಇರುವವನು ತಪ್ಪು ಮಾಡುತ್ತಿರಲಾರ, ತಪ್ಪು ತನ್ನದೇ ಇರಬೇಕು ಎಂದು ಒಂದು ಗಳಿಗೆ ಅವಳಿಗೆ ನಿಜವಾಗಿಯೂ ಅನ್ನಿಸಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಆ ದಿನ ಬೇರೆ ಯಾವುದಕ್ಕೂ ಅಲ್ಲ. ಹೆಸರು ತಾನೇ, ಕರೆದುಬಿಡುವ ಎಂದು ತುಟಿ ತೆರೆದಳು. ಅಷ್ಟರಲ್ಲಿ ಮೆಟ್ಟಿಲಲ್ಲಿ ಹೆಜ್ಜೆಗಳು ಕೇಳಿಸಿದವು. ಬೇಗಬೇಗನೆ ಹತ್ತಿ ಬರುವ, ಬಳೆ ಸದ್ದಿರುವ ಹೆಜ್ಜೆಗಳು.

“ಓ, ನೀವಾ.” ಫರ್ಹಾನಳ ಏದುಸಿರು. “ತೃಷಾಳನ್ನು ನೋಡಿದ್ರಾ? ಊಟಕ್ಕೂ ಬರ್ಲಿಲ್ಲ ಮಾರಾಯ್ರೆ ಅವಳು. ಮೂಡುಬಿದಿರೆಗೆ ಹೋಗುವ ಅಂತ ಅವಳೇ ಹೇಳಿದ್ದು.”

“ಇಲ್ಲಿ ಯಾರೂ ಇಲ್ವಲ್ಲ.” ಅವನು ಎದ್ದು ನಿಂತಿದ್ದ. “ನೋಡಿ, ಚಪ್ಪಲಿ ಎಲ್ಲಿ ಉಂಟು? ಬೀಗ ಹಾಕಿ ಆಯ್ತು. ನಾನೂ ಪ್ರಿಂಟಿಗೆ ಅಂತ ಬಂದು ಮಂಗ ಆದೆ.”

“ಹೌದಲ್ಲ.” ಫರ್ಹಾನ ಸ್ಟ್ಯಾಂಡ್ ನೋಡಿರಬೇಕು. “ಎಲ್ಲಿ ಸತ್ತಳು ಇವಳು!”

ಬಳೆಗಳ ಸದ್ದು ತಿರುಗಿತು. ಮೆಟ್ಟಿಲಿನ ಕಡೆಗೆ ಹೋಯಿತು.

ತೃಷಾ ಕೂಗಿದಳು. ಕೂಗು ಬರಲಿಲ್ಲ. ಗಂಟಲಿನಿಂದ ಗಾಳಿ ಮಾತ್ರ ಬಂತು, ಕನಸಿನಲ್ಲಿ ಆಗುವ ಹಾಗೆ. ಅವಳು ಎರಡೂ ಮುಷ್ಟಿ ಎತ್ತಿ ಬಾಗಿಲಿಗೆ ಗುದ್ದಿದಳು. ಮತ್ತೆ ಗುದ್ದಿದಳು. ಆ ಸದ್ದಿಗೆ ಅವಳ ದನಿ ಬಿಚ್ಚಿಕೊಂಡಿತು.

“ಫರ್ಹಾನಾ! ಹೋಗ್ಬೇಡ! ಇಲ್ಲಿದ್ದೇನೆ! ಫರ್ಹಾನಾ!”

ಬಳೆಗಳು ಓಡಿ ಬಂದವು. “ಯಾ ಅಲ್ಲಾ! ತೃಷಾ? ಒಳಗಾ? ಏ, ನೀವು ಯಾರೂ ಇಲ್ಲ ಹೇಳಿದ್ದಲ್ವಾ ಈಗ?”

“ನನಗೂ ಗೊತ್ತಿರ್ಲಿಲ್ಲ,” ಎಂದ ಶೋಧನ್. ಆಮೇಲೆ ನಕ್ಕ. “ತಮಾಷೆಗೆ ಹೇಳಿದ್ದು. ನಾನು ಕೀ ತರ್ಲಿಕ್ಕೆ ಹೊರಟದ್ದೇ.”

“ಫರ್ಹಾನಾ, ನೀನು ಇಲ್ಲೇ ನಿಲ್ಲು,” ತೃಷಾ ಬಾಗಿಲಿಗೆ ಬಾಯಿ ಒತ್ತಿ ಹೇಳಿದಳು. “ಎಲ್ಲಿಗೂ ಹೋಗ್ಬೇಡ. ಅಲ್ಲಿಂದಲೇ ಯಾರನ್ನಾದ್ರೂ ಕರಿ.”

ಫರ್ಹಾನ ವರಾಂಡದ ಕಟ್ಟೆಗೆ ಬಗ್ಗಿ ಇಡೀ ಅಂಗಳಕ್ಕೆ ಕೇಳುವಂತೆ ಕಿರುಚಿದಳು.

ಬಾಗಿಲು ತೆರೆದಾಗ ಬೆಳಕಿಗೆ ತೃಷಾಳ ಕಣ್ಣು ಕುಕ್ಕಿತು. ಬಸ್ಸು ಹತ್ತಿದ್ದ ಮುಂಡಪ್ಪನನ್ನು ಗೇಟಿನವರು ಇಳಿಸಿ ಕರೆತಂದಿದ್ದರು. ವಿಭಾಗದ ಮುಖ್ಯಸ್ಥೆ ಶಶಿಪ್ರಭಾ ಮೇಡಂ ಊಟದ ಕೈ ಒರೆಸಿಕೊಳ್ಳುತ್ತ ಬಂದಿದ್ದರು. ಕ್ಯಾಂಟೀನಿನವರು, ಹಾಸ್ಟೆಲಿನ ಹುಡುಗಿಯರು. ಎಲ್ಲರ ಮುಂದೆ ಶೋಧನ್, ಕೈಯಲ್ಲಿ ನೀರಿನ ಬಾಟಲಿ ಹಿಡಿದು.

“ಪಾಪ, ನೀರು ಕುಡಿಲಿ ಮೊದ್ಲು,” ಎಂದು ಅವನು ಬಾಟಲಿ ಚಾಚಿದ.

“ಈ ಹುಡುಗ ಇದ್ದದ್ದಕ್ಕೆ ಆಯ್ತು,” ಎಂದು ಯಾರೋ ಹೇಳಿದರು.

ಮುಂಡಪ್ಪನಿಗೆ ಅಳುವೇ ಬಂದಿತ್ತು. “ಮೇಡಂ, ದೇವರಾಣೆ, ಸ್ಟ್ಯಾಂಡಿನಲ್ಲಿ ಒಂದು ಚಪ್ಪಲಿ ಇರ್ಲಿಲ್ಲ. ನನ್ನ ಕೆಲಸ ಹೋಗ್ತದೆ ಇನ್ನು. ಮಗಾ, ನೀನು ಚಪ್ಪಲಿ ಎಂತಕ್ಕೆ ಒಳಗೆ ತಕೊಂಡು ಹೋದದ್ದು?”

ಎಲ್ಲರೂ ತೃಷಾಳ ಕೈಯಲ್ಲಿದ್ದ ಚೀಲವನ್ನು ನೋಡಿದರು. ಶಶಿಪ್ರಭಾ ಮೇಡಂ ಕೂಡ ಅದನ್ನೇ ಕೇಳಿದರು: “ಹೌದಲ್ಲ. ಯಾಕೆ ತಗೊಂಡು ಹೋದೆ?”

‘ಯಾರೋ ಕದೀತಾರೆ ಅಂತ’ ಎಂದರೆ ಮುಗಿಯುತ್ತಿತ್ತು. ಬೈಗುಳ ತಿಂದು ಹಾಸ್ಟೆಲಿಗೆ ಹೋಗಬಹುದಿತ್ತು. ಮುಂಡಾಜೆಗೆ ಸುದ್ದಿ ಇಲ್ಲ, ಸೋಮವಾರ ಪ್ರಾಜೆಕ್ಟು. ಶೋಧನ್ ಅವಳನ್ನೇ ನೋಡುತ್ತಿದ್ದ. ಅವಳು ಹೇಳುವುದಿಲ್ಲ ಎಂಬುದು ಅವನಿಗೆ ಖಚಿತವಿತ್ತು. ಅವನು ಬಾಟಲಿಯ ಮುಚ್ಚಳ ಕೂಡ ತೆಗೆದುಕೊಟ್ಟ.

“ಇವನಿಗೆ ಗೊತ್ತಾಗಬಾರದು ಅಂತ,” ಎಂದಳು ತೃಷಾ.

“ಯಾರಿಗೆ?”

“ಈ ಶೋಧನ್‌ಗೆ. ನಾನು ಎಲ್ಲಿ ಕೂತ್ರೂ ಬಂದು ಪಕ್ಕದಲ್ಲಿ ಕೂರ್ತಾನೆ. ನನ್ನ ಚಪ್ಪಲಿ ನೋಡಿ ಬರ್ತಾನೆ. ಇವತ್ತು ನಾನು ಒಳಗಿದ್ದದ್ದು ಗೊತ್ತಿದ್ದೂ ಮುಂಡಪ್ಪಣ್ಣನನ್ನು ಕಳಿಸಿದ. ತನ್ನ ಹೆಸರು ಕರೆದ್ರೆ ಮಾತ್ರ ಕೀ ತರ್ತೇನೆ ಅಂದ. ಫರ್ಹಾನಳ ಹತ್ತಿರ ಯಾರೂ ಇಲ್ಲ ಅಂದ.”

ಗುಂಪಿನ ಹಿಂದೆ ಒಬ್ಬ ಹುಡುಗ ನಕ್ಕು, ಬೇರೆಯವರು ನಗದ್ದನ್ನು ಕಂಡು ನಿಲ್ಲಿಸಿದ. ಮುಂಡಪ್ಪ ನಿಧಾನವಾಗಿ ಶೋಧನನ ಕಡೆಗೆ ತಿರುಗಿ, “ನನ್ನ ಹತ್ತಿರ ಹೋಗಿ ಹೋಗಿ ಅಂದಿ ಅಲ್ವನಾ ನೀನು?” ಎಂದ.

ಶಶಿಪ್ರಭಾ ಮೇಡಂ ತಮ್ಮ ಕೋಣೆಯಲ್ಲಿ ಅವಳನ್ನು ಕೂರಿಸಿ ಬಾಗಿಲು ತೆರೆದಿಟ್ಟರು. ಇಬ್ಬರ ಮನೆಯವರನ್ನೂ ಕರೆಸಬೇಕಾಗುತ್ತದೆ, ಅದು ನಿಯಮ ಎಂದರು. ತೃಷಾ ತಾನೇ ಮಾತಾಡುತ್ತೇನೆ ಎಂದು ಅವರ ಫೋನು ಇಸಿದುಕೊಂಡಳು. ಬೇರೆಯವರ ಬಾಯಿಂದ ಕೇಳಿದರೆ ಅಪ್ಪ ಅದನ್ನು ಬೇರೆಯೇ ಆಗಿ ಕೇಳುತ್ತಾನೆ.

ಅವಳು ನಡೆದದ್ದನ್ನು ಹೇಳಿ ಮುಗಿಸಿದಳು.

“ಎಂತ ಮಾಡಿದ ಅವ?” ಎಂದು ಚನಿಯಪ್ಪ ಕೇಳಿದ.

“ಹೆದರಿಸಿದ ಅಪ್ಪ.”

“ಬರ್ತೇನೆ.”

“ಕರ್ಕೊಂಡು ಹೋಗ್ಲಿಕ್ಕಾ?”

“ಬಂದ ಮೇಲೆ ಮಾತಾಡುವ.” ಫೋನು ಇಟ್ಟ ಸದ್ದು ಕೇಳಿತು. ಆ ಎರಡು ಮಾತಿನಲ್ಲಿ ಸಿಟ್ಟು ಇತ್ತೇ, ಇದ್ದರೆ ಯಾರ ಮೇಲೆ ಎಂದು ಅವಳಿಗೆ ತಿಳಿಯಲಿಲ್ಲ. ಮುಂಡಾಜೆಯಿಂದ ಬೆಳ್ತಂಗಡಿ, ಅಲ್ಲಿಂದ ಮೂಡುಬಿದಿರೆ, ಮತ್ತೆ ಇಲ್ಲಿಗೆ. ಕೂಡಲೇ ಬಸ್ಸು ಸಿಕ್ಕಿದರೂ ಅಪ್ಪ ಬರುವಾಗ ಬಿಸಿಲು ಇಳಿದಿರುತ್ತದೆ.

ಶೋಧನನನ್ನು ಹೊರಗೆ, ವರಾಂಡದ ಬೆಂಚಿನಲ್ಲಿ ಕೂರಿಸಿದ್ದರು. ತೆರೆದ ಬಾಗಿಲಿನಿಂದ ಅವನ ಮೊಣಕಾಲು, ಮಡಚಿದ ಅಂಗಿಯ ತೋಳು ಕಾಣುತ್ತಿದ್ದವು. ಅವನನ್ನು ಬೇರೆ ಕಡೆ ಕೂರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವನೂ ತಂದೆಗಾಗಿ ಕಾಯುತ್ತಿದ್ದ. ಹೋಗಿ ಬರುವ ಲೆಕ್ಚರರುಗಳಿಗೆ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದ.

ತೃಷಾ ಆ ಕಡೆಯೇ ನೋಡುತ್ತಿರುವುದನ್ನು ಕಂಡು ಶಶಿಪ್ರಭಾ ಮೇಡಂ ಎದ್ದರು. “ಬಾಗಿಲು ಹಾಕ್ಲಾ?”

“ಬೇಡ ಮೇಡಂ,” ಎಂದಳು ಅವಳು. “ತೆಗೆದೇ ಇರ್ಲಿ. ಹಾಕಿದ್ರೆ ಅವನು ಎಲ್ಲಿದ್ದಾನೆ ಅಂತ ಗೊತ್ತಾಗುವುದಿಲ್ಲ.”

ಮೇಡಂ ಒಂದು ಕ್ಷಣ ಬಾಗಿಲ ಹಿಡಿಯ ಮೇಲೆ ಕೈ ಇಟ್ಟು ನಿಂತರು. ಆಮೇಲೆ ತಮ್ಮ ಕುರ್ಚಿಯನ್ನು ಎಳೆದು ತಂದು, ಅವಳಿಗೂ ಬಾಗಿಲಿಗೂ ನಡುವೆ ಹಾಕಿ ಕೂತರು. ಈಗ ತೃಷಾಳಿಗೆ ಅವನ ಮೊಣಕಾಲು ಕಾಣುತ್ತಿರಲಿಲ್ಲ. ಅವಳು ಸ್ವಲ್ಪ ವಾಲಿ, ಕಾಣುವ ಹಾಗೆ ಕೂತಳು.