ತಡವಾದ ಸೀರೆಗೆ ಕಾರಣ

ಸೀರೆ ಮುಗಿಯಲು ಎರಡು ಮೊಳ ಉಳಿದಿತ್ತು. ಆದರೆ ಬೆಟಗೇರಿಯ ಕಲ್ಲಣ್ಣ ಮಂಗಳವಾರದಿಂದ ಮಗ್ಗಕ್ಕೆ ಕೂತಿರಲಿಲ್ಲ. ನಾಲ್ಕು ವರ್ಷದ ಹಿಂದೆ ತೀರಿಕೊಂಡ ಅವನ ತಾಯಿ ಬನಶಂಕರೆವ್ವ ಕನಸಿನಲ್ಲಿ ಬಂದು, ಮಗ್ಗದ ಕುಣಿಯಲ್ಲಿ, ನೇಯುವವರು ಕಾಲಿಡುವ ಆ ಗುಂಡಿಯಲ್ಲಿ, ಕಾಲು ಇಳಿಬಿಟ್ಟು ಕೂತಿದ್ದಳು. ಸತ್ತವರು ಕುಣಿಯಲ್ಲಿ ಕಂಡರೆ ಅಮಾವಾಸ್ಯೆಗೆ ಎಡೆ ಹಿಡಿಯುವವರೆಗೆ ಅಲ್ಲಿ ಕಾಲಿಡುವಂತಿಲ್ಲ. ಅದು ಆ ಮನೆಯ ಪದ್ಧತಿ. ಸೀರೆ ಕೊಡಬೇಕಾದದ್ದು ಶುಕ್ರವಾರ, ಅಮಾವಾಸ್ಯೆ ಭಾನುವಾರ.

ಆಗಲೇ ಎರಡು ಸಲ ತಡವಾಗಿತ್ತು. ಮೂರನೆಯ ಸಲ ತಡ ಮಾಡಿದವರಿಗೆ ನೇಕಾರರ ಸಂಘ ನೂಲು ಕೊಡುವುದಿಲ್ಲ. ನೂಲಿಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ಸರಿಯಾದ ಕಾರಣವಿದ್ದರೆ ಮಾತ್ರ ಅರ್ಜಿ ಕೊಡಬಹುದು.

ಅರ್ಜಿ ಬರೆದವಳು ಬಿ.ಎ. ಓದುತ್ತಿದ್ದ ಮಗಳು ರೋಹಿಣಿ. ಕನ್ನಡದಲ್ಲಿ ಕನಸು ಅಂತ ಬರೆದರೆ ಸಂಘದವರು ನಗುತ್ತಾರೆಂದು ಅವಳಿಗೆ ಖಾತ್ರಿಯಿತ್ತು. ಕಾಲೇಜಿನ ಲೈಬ್ರರಿಯ ಇಂಗ್ಲಿಷ್ ನಿಘಂಟಿನಲ್ಲಿ ‘ಒನೈರಿಕ್’ ಸಿಕ್ಕಿತು. ವಿಶೇಷಣ, ಕನಸಿಗೆ ಸಂಬಂಧಿಸಿದ್ದು. ಮಾತಿನಲ್ಲಿ ಬಳಕೆ ಕಡಿಮೆ, ಬರವಣಿಗೆಯಲ್ಲೇ ಹೆಚ್ಚು ಎಂದೂ ಇತ್ತು. ಅರ್ಜಿಯೂ ಬರವಣಿಗೆಯೇ. ಒನೈರಿಕ್ ಕಾರಣಗಳಿಂದಾಗಿ ಎಂಟು ದಿನ ಗಡುವು ಬೇಕೆಂದು ಇಂಗ್ಲಿಷಿನಲ್ಲಿ ಬರೆದಳು.

ಸಂಘದ ಕಾರ್ಯದರ್ಶಿ ಕೊಟ್ರಪ್ಪ ಎರಡು ಸಲ ಓದಿದ.

“ಇದ್ಯಾವ ಬ್ಯಾನಿ ಯವ್ವಾ? ಅಪ್ಪಗ ಆರಾಮಿಲ್ಲೇನು?”

“ಆರಾಮ ಅದಾನ್ರಿ.”

ಕೊಟ್ರಪ್ಪ ಮೊಬೈಲಿನಲ್ಲಿ ಹುಡುಕಿದ. ಅರ್ಥ ಕನ್ನಡದಲ್ಲೇ ಬಂತು. ಕನ್ನಡಕ ತೆಗೆದು ಅವಳನ್ನು ನೋಡಿದ. ಈಗ ನಗುತ್ತಾನೆ ಅಂದುಕೊಂಡಳು ರೋಹಿಣಿ.

“ಯಾರು ಬಂದಿದ್ರು?”

“ನಮ್ಮಜ್ಜಿರಿ.”

“ಎಲ್ಲಿ ಕುಂತಿದ್ಲು?”

“ಕುಣಿಯಾಗ.”

“ಹಂಗಾರ ಆಂವ ಹೆಂಗ ನೇಯತಾನ? ಇಷ್ಟು ಹೇಳಾಕ ಇಂಗ್ಲಿಷಿನ್ಯಾಗ ಯಾಕ ಒದ್ದಾಡಿದಿ?”

ಅವನೂ ನೇಕಾರರ ಮನೆಯವನೇ. ಆದರೆ ಸಂಘದ ಫಾರ್ಮಿನಲ್ಲಿ ಮೂರೇ ಕಾರಣಗಳಿದ್ದವು: ಕಾಯಿಲೆ, ಮಗ್ಗದ ರಿಪೇರಿ, ಮನೆಯಲ್ಲಿ ಸಾವು. ಕೊಟ್ರಪ್ಪ ಮೂರನೆಯದಕ್ಕೆ ಟಿಕ್ ಹಾಕಿದ.

“ಅಜ್ಜಿ ಸತ್ತು ನಾಕು ವರ್ಷ ಆತ್ರಿ.”

“ಸತ್ತಾಳೋ ಇಲ್ಲೋ? ಯಾವಾಗ ಅಂತ ಇದರಾಗ ಕೇಳಿಲ್ಲ. ಮುಂದಿನ ಶುಕ್ರವಾರ ಸೀರಿ ತೊಗೊಂಡು ಬಾ.”

ನೂಲು ಉಳಿಯಿತು. ರೋಹಿಣಿ ಮನೆಗೆ ಬಂದು ನಡೆದದ್ದನ್ನು ಹೇಳಿದಳು. ಕಲ್ಲಣ್ಣನ ಮುಖ ಗಂಟಾಯಿತು.

“ಸತ್ತಾಳ ಅಂತ ಬರಸಿ ಬಂದಿ? ಮೊನ್ನಿ ಬಂದು ಹೋಗ್ಯಾಳ. ಆಕಿಗೆ ಗೊತ್ತಾದ್ರ?”

“ಗಡುವು ಬೇಕಿತ್ತಲ್ಲಪ್ಪಾ ನಿನಗ?”

ಭಾನುವಾರ ಎಡೆಗೆ ಹೋಳಿಗೆ ಮಾಡಿದ್ದರು. ಎಲೆಯಲ್ಲಿ ಎರಡು ಇಡುವುದು ರೂಢಿ. ಕಲ್ಲಣ್ಣ ಇನ್ನೊಂದು ಇಟ್ಟ.

“ಇದು ಆ ಫಾರ್ಮಿಂದು,” ಅಂದ.

ಸೋಮವಾರ ಬೆಳಿಗ್ಗೆ ಕುಣಿಗೆ ಇಳಿದ.