ಕನ್ನಡಿಯ ನಡುವಿನ ಬೊಟ್ಟು

ನಾನು ಒಂದು ದೊಡ್ಡ ದೂರದರ್ಶಕ. ಆಕಾಶದ ಫೋಟೊಕ್ಕೆ ಬೆಳಕು ಕೂಡಿಸಿ ಕೊಡುವುದು ನನ್ನ ಕಸುಬು. ಪುಣೆಯ ಒಂದು ಶೆಡ್ಡಿನಲ್ಲಿ ದಪ್ಪ ಗಾಜಿನ ಬಿಲ್ಲೆಯನ್ನು ತಿಂಗಳುಗಟ್ಟಲೆ ಉಜ್ಜಿ, ನಡು ತಗ್ಗಿಸಿ, ಬೆಳ್ಳನೆಯ ಲೇಪ ಕೊಟ್ಟಾಗ ನಾನು ಹುಟ್ಟಿದೆ. ತಳದಲ್ಲಿ ಊಟದ ಹರಿವಾಣದಷ್ಟು ಅಗಲದ ಕನ್ನಡಿ. ಮೇಲೆ, ಕಂಬಿಗಳ ತುದಿಯಲ್ಲಿ, ಅಂಗೈಯಗಲದ ಇನ್ನೊಂದು. ದೊಡ್ಡದು ಬೆಳಕನ್ನು ಹಿಡಿದು ಮೇಲಕ್ಕೆ ಎಸೆಯುತ್ತದೆ, ಚಿಕ್ಕದು ಅದನ್ನು ಪಕ್ಕದ ಕ್ಯಾಮೆರಾಕ್ಕೆ ದಾಟಿಸುತ್ತದೆ. ಚಿಕ್ಕದು ಅಡ್ಡ ನಿಂತಿರುವುದರಿಂದ ದೊಡ್ಡದರ ನಟ್ಟನಡುವೆ ಸದಾ ಅದರ ನೆರಳು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನನ್ನನ್ನು ತರಿಸಿದವರು ಗದಗಿನ ಫೋಟೊ ಸ್ಟುಡಿಯೊದ ಚನ್ನವೀರಪ್ಪ ಹೊಂಬಳ. ಜೀವಮಾನವಿಡೀ ಮದುವೆಗಳಲ್ಲಿ "ಸ್ವಲ್ಪ ನಗ್ರಿ" ಎಂದು ಗೋಗರೆದು ಅವರಿಗೆ ಸಾಕಾಗಿತ್ತು. ನಗು ಎಂದು ಹೇಳಬೇಕಿಲ್ಲದವರ ಫೋಟೊ ತೆಗೆಯಬೇಕೆಂಬುದು ಬಹಳ ಕಾಲದ ಆಸೆ. ಹಗ್ಗ ಕಟ್ಟಿ ನನ್ನನ್ನು ಮಾಳಿಗೆಗೆ ಎಳೆಯುವಾಗ ಓಣಿಗೆ ಓಣಿಯೇ ನೆರೆಯಿತು.

"ನೀರಿನ ಟಾಕಿ ಏನ್ರೀ?" ಎಂದರೊಬ್ಬರು. "ಗುಂಡ್ ಹಾರ್ಸೂ ತೋಪ್ ಇರ್ಬೇಕ್ ತಗೋ" ಎಂದರು ಇನ್ನೊಬ್ಬರು.

ನನ್ನನ್ನು ಮೊದಲು ಕಣ್ತುಂಬ ನೋಡಿದವರು ಚನ್ನವೀರಪ್ಪನವರ ಹೆಂಡತಿ ಶಾರವ್ವ. ಸ್ಟುಡಿಯೊದ ಕತ್ತಲ ಕೋಣೆಯಲ್ಲಿ ಫಿಲ್ಮ್ ತೊಳೆಯುತ್ತಲೇ ವಯಸ್ಸು ಕಳೆದವರು. ಬಗ್ಗಿ ಇಣುಕಿದರೆ ನನ್ನೊಳಗೆ ಅವರ ಮುಖ ಮೊರದಷ್ಟು!

"ಅಯ್ಯ ಶಿವನ! ನನ್ನ ಬೊಟ್ಟು ರೊಟ್ಟಿಯಷ್ಟ್ ಕಾಣ್ತೈತಿ!" ಎಂದು ನಕ್ಕರು. "ಏನ್ ಚಂದ ಮಾಡ್ಯಾರ್ರೀ ಇದನ್ನ!"

ಅವರು ನನಗೆ ಅಂದೇ ಹಿಡಿಸಿದರು.

ಹೊಂಬಳರ ಮನೆಯಲ್ಲಿ ಮಹಾನವಮಿಗೆ ಪ್ರತಿ ಕ್ಯಾಮೆರಾಕ್ಕೂ ಪೂಜೆ. ಬೊಟ್ಟು ಇಡುವುದು ಶಾರವ್ವನ ಕೆಲಸ. ಹೊಸದಾಗಿ ಬಂದ ನನ್ನ ಹಣೆ ಎಲ್ಲಿದೆಯೆಂದು ಹುಡುಕುತ್ತ ಅವರು ಒಂದು ಸುತ್ತು ಬಂದರು. ಈ ಕರಿ ಕಂಬಿಗಳ ನಡುವೆ ಮುಖವೆಂದರೆ ಕನ್ನಡಿಯೇ ಅಲ್ಲವೆ? ಮುಚ್ಚಳ ತೆಗೆದು, ಕೈ ಚಾಚಿ, ಒದ್ದೆ ಕುಂಕುಮವನ್ನು ನಟ್ಟನಡುವೆ ಒತ್ತಿಬಿಟ್ಟರು.

ಹೂವು ಹಿಡಿದು ಬಂದ ಚನ್ನವೀರಪ್ಪ ಅದನ್ನು ನೆಲಕ್ಕಿಟ್ಟು ಒಳಗೆ ಬಗ್ಗಿ ನೋಡಿದರು. ಬೆರಳು ತಾಗಿಸಲೂ ಬಾರದ ಕನ್ನಡಿ! ಮುಚ್ಚಳ ಹಾಕಿ ಕೆಳಗಿಳಿದರು. ಬೈದಿದ್ದರೆ ಶಾರವ್ವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಗಂಡನ ಆಸೆಯನ್ನು ತಾನೇ ಕೈಯಾರೆ ಕೆಡಿಸಿದೆನೆಂದು ಅವರು ಸೊರಗಿಹೋದರು. ನನಗೆ ಬಾಯಿದ್ದರೆ ಆಗಲೇ ಹೇಳುತ್ತಿದ್ದೆ.

ಹುಣ್ಣಿಮೆ ಕಳೆದು ಸಂಜೆಗಳು ಕಪ್ಪಾದವು. ಆದರೂ ಚನ್ನವೀರಪ್ಪ ಮಾಳಿಗೆ ಹತ್ತಲಿಲ್ಲ. ಕೊನೆಗೆ ಶಾರವ್ವನೇ ಗಂಡನ ತೋಳು ಹಿಡಿದು ಎಳೆದು ತಂದರು.

"ತೊಳೀಲಾರದ ಫಿಲ್ಮ್ ಕೆಟ್ಟೈತಿ ಅಂತ ಹೆಂಗ್ ಹೇಳ್ತೀರಿ? ಒಮ್ಮೆ ತೆಗದ್ ನೋಡ್ರಿ. ಕೆಟ್ಟಿದ್ರ ನಾ ಅನ್ನಿಸ್ಕೋತೀನಿ."

ಪೂರ್ವಕ್ಕೆ, ದೇವಯಾನಿ ಗ್ಯಾಲಕ್ಸಿಯತ್ತ ನನ್ನನ್ನು ತಿರುಗಿಸಿದರು. ಕತ್ತಲ ಕೋಣೆಯ ತಟ್ಟೆಯಲ್ಲಿ ಮದುಮಗಳ ಮುಖ ಮೂಡುವಂತೆ, ಕಂಪ್ಯೂಟರಿನ ಪರದೆಯ ಮೇಲೆ ಆ ಬೆಳಕಿನ ಸುಳಿ ಮೆಲ್ಲಗೆ ಮೂಡಿತು. ಎಲ್ಲಿಯೂ ಒಂದು ಕಲೆಯಿಲ್ಲ. ಚನ್ನವೀರಪ್ಪ ಪರದೆ ನೋಡಿದರು, ಮೇಲಿನ ಚಿಕ್ಕ ಕನ್ನಡಿ ನೋಡಿದರು, ಹಣೆ ಚಚ್ಚಿಕೊಂಡು ನಕ್ಕರು.

"ನೆರಳಿನ್ಯಾಗ ಇಟ್ಟೀಯಲ್ಲ! ನನಗ ಹೊಳೀಲೇ ಇಲ್ಲ ನೋಡು. ಅಲ್ಲಿ ನೀ ಏನಿಟ್ರೂ ಕೆಡೂದಿಲ್ಲ."

ಶಾರವ್ವ ಅಳುತ್ತಲೇ ನಕ್ಕರು. ಬೊಟ್ಟು ಹಾಗೆಯೇ ಉಳಿಯಿತು. ಎರಡು ಕನ್ನಡಿಗಳನ್ನು ನೇರ ಹೊಂದಿಸಲು ಅದೇ ಗುರುತಾಯಿತು. ಓಣಿಯವರೆಲ್ಲ ಬಂದು ಶನಿಯ ಬಳೆ ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಅದಕ್ಕಿಂತ ಒಳ್ಳೆಯ ಕಾಲವನ್ನು ನಾನು ಕಂಡಿಲ್ಲ.

ಚನ್ನವೀರಪ್ಪ ತೀರಿಕೊಂಡ ಮೇಲೆ ಹೆಣ್ಣುಮಕ್ಕಳ ಕಾಲೇಜಿನ ಮಾಳಿಗೆ ಸೇರಿದೆ. ವಯಸ್ಸಾಗಿ ಲೇಪ ಮಾಸಿತು. ಹೊಸ ಲೇಪ ಹಾಕಿಸಿ ತಂದಾಗ ನಾನೇನೋ ಹೊಳೆಯುತ್ತಿದ್ದೆ, ಬೊಟ್ಟು ಮಾತ್ರ ಇರಲಿಲ್ಲ. ಅಲ್ಲಿ ಪಾಠ ಹೇಳುವ ರೇಷ್ಮಾ ನದಾಫ್ ಹುಡುಗಿಯಾಗಿದ್ದಾಗ ಹೊಂಬಳರ ಮಾಳಿಗೆಯಲ್ಲೇ ಶನಿಯನ್ನು ನೋಡಿದವಳು. ಅವಳು ಶಾರವ್ವನನ್ನು ಕೈಹಿಡಿದು ಕರೆತಂದಳು.

"ನಡುವ ಗುರ್ತು ಬೇಕ್ರಿ ಅಮ್ಮಾ. ನೀವ ಇಡಬೇಕು."

ಶಾರವ್ವ ಹಿಂದೆ ಸರಿದರು. ಅವರ ಹಣೆಯಲ್ಲಿ ಈಗ ವಿಭೂತಿ ಮಾತ್ರ.

"ಅವರು ಹ್ವಾದ ಮ್ಯಾಲೆ ನಾ ಕುಂಕುಮ ಮುಟ್ಟಿಲ್ಲವಾ. ನನ್ನಂಥಾಕಿ ಇಡಬಾರ್ದು."

"ಅಪ್ಪಾರು ಎಲ್ಲಾರ ಮುಂದೂ ಹೇಳ್ತಿದ್ರಲ್ರಿ," ಎಂದಳು ರೇಷ್ಮಾ, "ಅಲ್ಲಿ ನೀವು ಏನಿಟ್ರೂ ಕೆಡೂದಿಲ್ಲ ಅಂತ."

ಶಾರವ್ವ ಮತ್ತೆ ಮುಂದೆ ಬಂದರು. ಆಮೇಲೆ ಕುಂಕುಮ ಒದ್ದೆ ಮಾಡಿ ಕೈ ಚಾಚಿದರು. ಬೆರಳು ನೇರ ನಡುವಿಗೇ ಬಂದು ಮುಟ್ಟಿತು. ಸರಿಯಾಯಿತೋ ಎಂದು ಬಗ್ಗಿ ಇಣುಕಿದರು. ನನ್ನೊಳಗೆ ಮೂಡಿದ ಅವರ ದೊಡ್ಡ ಮುಖದ ಹಣೆಯ ಮೇಲೆ ಆ ಬೊಟ್ಟು ಕೂತಿತ್ತು. ಅವರು ಬಹಳ ಹೊತ್ತು ಕದಲಲಿಲ್ಲ.

ಆಗ ನನಗೆ ಕ್ಯಾಮೆರಾ ಜೋಡಿಸಿರಲಿಲ್ಲ. ಅದೊಂದು ಚಿತ್ರ ನನ್ನಲ್ಲೇ ಉಳಿದಿದೆ.