ಬಾರ್ಲಿ ಮೂಟೆಯ ಮೇಲಿನ ಬೆಕ್ಕು

"ಒಂದು, ಒಂದು, ಒಂದು!" ಎಂದು ಭಾವ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಎದುರಿಗೆ ಅವರ ಬಾಮೈದ, ಗಡಿಯಾರ ರಿಪೇರಿಯವನು; ಇಬ್ಬರ ನಡುವೆ ಅಕ್ಕ. ಧಾನ್ಯ ವ್ಯಾಪಾರದ ಆಟ ಅದು. ಎಷ್ಟು ಕಾರ್ಡು ಕೊಡುತ್ತೇವೆಂದು ಕೂಗಿ ಬೇಡದ್ದನ್ನು ಮುಚ್ಚಿ ಕೊಡಬೇಕು, ಬದಲಿಗೆ ಬಂದದ್ದನ್ನೂ ಮುಚ್ಚಿಯೇ ತೆಗೆದುಕೊಳ್ಳಬೇಕು. ಒಂದೇ ಧಾನ್ಯದ ಒಂಬತ್ತು ಕೂಡಿಸಿದವರು ಗೆದ್ದಂತೆ.

ಇಂಥ ಹಳೆಯ ಚಿತ್ರದ ಕಾರ್ಡುಗಳನ್ನು ಕೂಡಿಡುವ ಹುಚ್ಚು ಭಾವನಿಗೂ ಇತ್ತು, ಬಾಮೈದನಿಗೂ ಇತ್ತು. ಈ ಆಟ ಇಬ್ಬರ ಹತ್ತಿರವೂ ಇದ್ದರೂ ಬಾರ್ಲಿ ಮೂಟೆಯ ಮೇಲೆ ಬೆಕ್ಕು ಮಲಗಿದ ಕಾರ್ಡು ಇದ್ದದ್ದು ಭಾವನ ಕಟ್ಟಿನಲ್ಲಿ ಮಾತ್ರ. ಎರಡು ವರ್ಷದ ಹಿಂದೆ ಅವರು ನೀರು ಕುಡಿಯಲು ಎದ್ದಾಗ ಅವನು ಅದನ್ನು ಜೇಬಿಗಿಳಿಸಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ತಪ್ಪು ಅಕ್ಕನ ತಲೆಗೆ ಬಂತು. ಅವಳೇ ಕಸದ ಜೊತೆ ಗುಡಿಸಿ ಹಾಕಿದಳೆಂದು ಭಾವ ಬಂದವರಿಗೆಲ್ಲ ಹೇಳಿದರು, ನಗುತ್ತಲೇ ಹೇಳಿದರು. ಕೊನೆಗೆ ರಟ್ಟು ಕತ್ತರಿಸಿ ತಾವೇ ಒಂದು ಬೆಕ್ಕು ಬರೆದುಕೊಂಡರು. ಅದು ನೋಡಲು ಇಲಿಯ ಹಾಗಿತ್ತು.

ಕದ್ದದ್ದನ್ನು ಯಾರಿಗೂ ತೋರಿಸುವಂತಿರಲಿಲ್ಲ. ಒಬ್ಬನೇ ತೆಗೆದು ನೋಡಲೂ ಅವನಿಗೆ ನಾಚಿಕೆ. ಇವತ್ತು ಭಾವ ಬರೆದ ಬೆಕ್ಕು ತನ್ನ ಪಾಲಿಗೇ ಬಂದಾಗ ಅದನ್ನು ಮೇಜಿನ ಕೆಳಗೆ ಜೇಬಿಗೆ ಸೇರಿಸಿ, ಅಸಲಿಯನ್ನು ಕೈಗೆ ತಂದುಕೊಂಡ. ಈ ಗದ್ದಲದಲ್ಲಿ ಅದು ಭಾವನ ಕೈ ಸೇರಿದರೆ ಸಾಕು. ಡಬ್ಬಿಯಲ್ಲೇ ಎಲ್ಲೋ ಸಿಕ್ಕಿಕೊಂಡಿತ್ತೇನೋ ಎಂದು ತಾನೂ ಬೆರಗಾದರಾಯಿತು.

"ಒಂದು," ಎಂದು ಅವನು ಚಾಚಿದ್ದನ್ನು ಅಕ್ಕ ಕಿತ್ತುಕೊಂಡಳು. ತಿರುಗಿಸಿ ನೋಡಿದಳು. ಮುಖದ ನಗು ಇಳಿಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ.

"ಏನೇ, ಅದನ್ನೂ ಗುಡಿಸಿ ಹಾಕೋ ಯೋಚನೆನಾ?" ಎಂದರು ಭಾವ.

"ಹಾಕಿದ್ರೆ ನಾನೇ ತಾನೇ ಹಾಕೋದು," ಎಂದಳು ಅಕ್ಕ. ಆಮೇಲೆ ತಮ್ಮನ ಕಡೆ ತಿರುಗಿ ಒಂದು ಕಾರ್ಡನ್ನು ಮುಚ್ಚಿ ಚಾಚಿದಳು. "ತಗೋಪ್ಪಾ. ಒಂದು."

ತುದಿ ಎತ್ತಿ ನೋಡಿದರೆ ಅದೇ ಬೆಕ್ಕು. ಚಿಕ್ಕಂದಿನಲ್ಲಿ ಅವನು ಒಡೆದು ಹಾಕಿದ್ದಕ್ಕೆಲ್ಲ ಅವಳೇ ಬೈಸಿಕೊಂಡಿದ್ದಳು. ಈಗ ಅವನ ತಲೆಕೂದಲು ನೆರೆತಿತ್ತು.

ಎಷ್ಟು ಕೊಡುತ್ತೀಯೆಂದು ಭಾವ ಅವಸರಪಡಿಸಿದರು.

"ಒಂದು," ಎಂದು ಅವನು ಕಾರ್ಡನ್ನು ಮೇಜಿನ ನಡುವೆ ಇಟ್ಟ, ಚಿತ್ರ ಮೇಲಾಗಿ. ಜೇಬಿನಿಂದ ರಟ್ಟಿನ ಬೆಕ್ಕನ್ನೂ ತೆಗೆದು ಪಕ್ಕದಲ್ಲಿಟ್ಟ. ಅಕ್ಕನ ಅಂಗೈ ಎರಡನ್ನೂ ಮುಚ್ಚಲು ಬಂತು. ಅವನು ಆ ಕೈಯನ್ನು ಹಿಡಿದುಕೊಂಡ.

"ಮುಚ್ಚಿ ಕೊಡ್ಬೇಕು ಕಣೋ," ಎನ್ನುತ್ತ ಭಾವ ತಮ್ಮ ಕಾರ್ಡುಗಳಿಂದ ತಲೆ ಎತ್ತಿದರು.